ಬೋರ್ಡ್ ತೆಗೆದರು ಸರಿ, ಮಂಜುಗಡ್ಡೆ ಉಳಿಯಿತಾ?

ಅಮೆರಿಕದ ಮೊಂಟಾನಾದಲ್ಲಿರುವ ಗ್ಲೇಸಿಯರ್ ನ್ಯಾಷನಲ್ ಪಾರ್ಕ್ ಬಗ್ಗೆ ಒಂದು ಮೆಸೇಜ್ ಆಗಾಗ ತಲೆ ಎತ್ತುತ್ತದೆ. ‘2020ಕ್ಕೆ ಇಲ್ಲಿನ ಹಿಮನದಿಗಳು ಮಾಯ’ ಎಂದಿದ್ದ ಬೋರ್ಡುಗಳನ್ನು ಸದ್ದಿಲ್ಲದೆ ತೆಗೆದಿದ್ದಾರೆ, ಹಾಗಾಗಿ ಕರಗುವ ಕಥೆಯೇ ಸುಳ್ಳು ಅನ್ನೋದು ಅದರ ಸಾರ.

ಮೊದಲರ್ಧ ನಿಜ. ಬೋರ್ಡುಗಳಿದ್ದವು, ಆಮೇಲೆ ಬದಲಾದವು. 2020 ಅನ್ನೋ ಅಂದಾಜು ತಪ್ಪಿತು. ಅಷ್ಟು ಖಚಿತವಾಗಿ ಇಸವಿ ಬರೆದು ನಿಲ್ಲಿಸಬಾರದಿತ್ತು ಬಿಡಿ. ಆದರೆ ತಪ್ಪಿದ್ದು ಇಸವಿ ಮಾತ್ರ. ಬಸ್ಸು ಲೇಟಾದರೆ ಬರೋದೇ ಇಲ್ಲ ಅಂತಲ್ಲ, ಅಲ್ವಾ? 1966ರಿಂದ 2015ರ ನಡುವೆ ಅಲ್ಲಿನ ಹೆಸರಿರುವ ಹಿಮನದಿಗಳೆಲ್ಲ ಕುಗ್ಗಿವೆ, ಸರಾಸರಿ ಶೇ 39ರಷ್ಟು. ಕೆಲವು ಶೇ 80ಕ್ಕಿಂತ ಜಾಸ್ತಿ.

ಇದನ್ನು ಸುಮ್ನೆ ನಂಬಬೇಕಿಲ್ಲ. ಗ್ರಿನೆಲ್ ಹಿಮನದಿಯ ಹಳೆ–ಹೊಸ ಫೋಟೊ ಹುಡುಕಿ. ಒಂದೇ ಜಾಗದಲ್ಲಿ ನಿಂತು ತೆಗೆದ ಜೋಡಿಗಳು ಸಿಗುತ್ತವೆ. 1938ರ ಚಿತ್ರದಲ್ಲಿ ದಪ್ಪ ಮಂಜುಗಡ್ಡೆ ಇದ್ದ ಕಡೆ ಈಗ ಕೆರೆ ಇದೆ. ಅದರಲ್ಲಿ ಒಡೆದ ತುಂಡುಗಳು ತೇಲುತ್ತಿರುತ್ತವೆ.

ಫೋಟೊ ನೋಡುವಾಗ ತಿಂಗಳು ಕೇಳಿ. ಜೂನ್‌ನಲ್ಲೂ ಅಲ್ಲಿನ ಎತ್ತರದ ಬೆಟ್ಟಗಳಲ್ಲಿ ಹಿಂದಿನ ಚಳಿಗಾಲದ ಹಿಮ ಉಳಿದಿರುತ್ತದೆ, ಎಲ್ಲ ಬೆಳ್ಳಗೆ ಕಾಣುತ್ತದೆ. ಅದು ಹಿಮನದಿ ಅಲ್ಲ. ವರ್ಷಗಟ್ಟಲೆ ಅದುಮಿ ಗಟ್ಟಿಯಾಗಿ, ನಿಧಾನಕ್ಕೆ ಜಾರುವ ಮಂಜುಗಡ್ಡೆಯೇ ಹಿಮನದಿ. ಮೇಲಿನ ಹಿಮ ಕರಗಿದ ಮೇಲೆ, ಅಂದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ, ಅದರ ಅಂಚು ಕಾಣುತ್ತದೆ. ಉಪಗ್ರಹದ ಚಿತ್ರಗಳನ್ನು ಹೋಲಿಸುವುದಾದರೂ ಅದೇ ತಿಂಗಳುಗಳದ್ದನ್ನು ತೆಗೆದುಕೊಳ್ಳಿ, ನಡುವೆ ಹತ್ತಿಪ್ಪತ್ತು ವರ್ಷ ಅಂತರ ಇರಲಿ.