ಮುಚ್ಚಿದ ರಾಡಾರ್ ಠಾಣೆಗೂ ಒಂದು ಕಲ್ಲು ಬೇಕು

ಮುಂಬೈ ಸೀಮೆಯಲ್ಲಿ ಬಹಳ ವರ್ಷಗಳಿಂದ ಇರುವ ಕನ್ನಡಿಗ ನಾನು. ಇಲ್ಲಿನ ಜನರ ಒಂದು ಗುಣ ನನಗೆ ತುಂಬಾ ಹಿಡಿಸಿದೆ. ಕೋಟೆ ಎಂದರೆ ಇವರಿಗೆ ಪ್ರಾಣ. ದೀಪಾವಳಿಗೆ ಮುಂಚೆ ಡೊಂಬಿವಲಿಯ ಯಾವ ಕಟ್ಟಡದ ಅಂಗಳಕ್ಕೆ ಹೋದರೂ ಮಕ್ಕಳು ಮಣ್ಣಿನ ಕಿಲ್ಲಾ ಕಟ್ಟುತ್ತಿರುತ್ತಾರೆ. ಕಲ್ಲು, ಇಟ್ಟಿಗೆ ಪೇರಿಸಿ, ಅದರ ಮೇಲೆ ಗೋಣಿಚೀಲ ಹೊದಿಸಿ, ಕೆಸರು ಬಳಿಯುತ್ತಾರೆ. ಸಾಸಿವೆ ಚೆಲ್ಲಿ ನೀರು ಚಿಮುಕಿಸಿದರೆ ನಾಲ್ಕೇ ದಿನದಲ್ಲಿ ಗುಡ್ಡವೆಲ್ಲ ಹಸಿರು. ತುದಿಯಲ್ಲಿ ಶಿವಾಜಿ ಮಹಾರಾಜರು, ಮೆಟ್ಟಿಲ ಮೇಲೆ ಪುಟ್ಟ ಪುಟ್ಟ ಮಾವಳೆ ಸೈನಿಕರು. ಸುಮ್ನೆ ಪಕ್ಕದಲ್ಲಿ ನಿಂತರೆ ಸಾಕು, "ಕಾಕಾ, ಇದು ಮಹಾದರವಾಜಾ, ಇದು ನೀರಿನ ಟಾಕೆ, ಇಲ್ಲಿಂದ ಶತ್ರು ಬರೋಕಾಗಲ್ಲ" ಎಂದು ಮೂರನೇ ಕ್ಲಾಸಿನ ಹುಡುಗಿ ಕೈಮಾಡಿ ತೋರಿಸುತ್ತಾಳೆ. ರಾಯಗಡದ ನಕ್ಷೆ ಅವಳ ಬೆರಳಿನಲ್ಲಿದೆ.

ದೊಡ್ಡವರೂ ಹಾಗೆಯೇ. ರಜೆಯ ದಿನ ಗುದ್ದಲಿ, ಬುಟ್ಟಿ ಹಿಡಿದು ಕೋಟೆಗೆ ಹೋಗಿ ಗಿಡಗಂಟಿ ಕಿತ್ತು, ಹೂಳು ತೆಗೆಯುವ ಗುಂಪುಗಳು ಊರೂರಲ್ಲಿವೆ. 2025ರಲ್ಲಿ ಮರಾಠರ 12 ಕೋಟೆಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗ ಇಲ್ಲಿನ ಸಂಭ್ರಮ ನೋಡಬೇಕಿತ್ತು. ಅದರಲ್ಲಿ ಒಂದು ಕೋಟೆ ತಮಿಳುನಾಡಿನ ಜಿಂಜಿ. ಅದನ್ನೂ ಇವರು ತಮ್ಮ ಮನೆಯದೇ ಎನ್ನುವಂತೆ ಹೇಳಿಕೊಂಡರು.

ಕರ್ನಾಟಕದಲ್ಲಿ ನಮಗೆ ಇದು ಇಲ್ಲವೆಂದಲ್ಲ. ಚಿತ್ರದುರ್ಗಕ್ಕೆ ಹೋದ ಯಾರೂ ಓಬವ್ವನ ಕಿಂಡಿ ನೋಡದೆ ಬರುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ರೈಲು ಹಳಿಗೆ ಅಡ್ಡ ಬಂದ ಟಿಪ್ಪುವಿನ ಮದ್ದಿನ ಮನೆಯನ್ನು ಒಡೆಯದೆ, ಇಡಿಯಾಗಿ ಎತ್ತಿ 2017ರಲ್ಲಿ ಪಕ್ಕಕ್ಕೆ ಸರಿಸಿದರು. ಆದರೆ ಗಮನಿಸಿ, ಮರಾಠಿಗರ ನೆನಪೂ ನಮ್ಮ ನೆನಪೂ ಫಿರಂಗಿಯ ಕಾಲಕ್ಕೇ ನಿಂತುಬಿಡುತ್ತವೆ. ಇಪ್ಪತ್ತನೇ ಶತಮಾನದಲ್ಲಿ ಕಾವಲು ಕಾದವರ ಕಥೆ ನಮಗೆ ಬೇಡವಾಗಿದೆ. ಕತ್ತಲ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲಿನ ಚುಕ್ಕೆ ನೋಡುತ್ತ ರಾತ್ರಿ ಕಳೆದವರೂ ಕೋಟೆ ಕಾದವರೇ ಅಲ್ವಾ? ಅವರ ಕೋಟೆಯೇ ರಾಡಾರ್ ಠಾಣೆ. ಇದನ್ನು ಬರೆಯಲು ಕಾರಣ ಅಂಥದೊಂದು ಠಾಣೆ. ಅದು ಇರುವುದು ಸಿಡ್ನಿಯಲ್ಲಿ. ಅದರ ಕಥೆಯ ಕೊನೆಯ ತುಂಡು ಮಾತ್ರ ಡೊಂಬಿವಲಿಯ ಪಕ್ಕದ ನಮ್ಮ ಕಲ್ಯಾಣಕ್ಕೆ ಬಂದು ಬಿದ್ದಿದೆ.

ಡೋವರ್ ಹೈಟ್ಸ್ ಸಿಡ್ನಿಯ ಪೂರ್ವ ಅಂಚಿನಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಎತ್ತರದ ಕಡಿದಾದ ದಂಡೆ. ಎರಡನೇ ಮಹಾಯುದ್ಧದಲ್ಲಿ ಅಲ್ಲೊಂದು ಸೇನೆಯ ರಾಡಾರ್ ಠಾಣೆ ಇತ್ತು. ಭಯ ಸುಳ್ಳಾಗಿರಲಿಲ್ಲ. 1942ರ ಫೆಬ್ರವರಿ 19ರಂದು ಜಪಾನಿನ ವಿಮಾನಗಳು ಡಾರ್ವಿನ್ ಮೇಲೆ ಬಾಂಬ್ ಹಾಕಿದವು. ಮೇ ಕೊನೆಯ ರಾತ್ರಿ ಪುಟ್ಟ ಜಲಾಂತರ್ಗಾಮಿಗಳು ಸಿಡ್ನಿ ಬಂದರಿನೊಳಗೇ ನುಗ್ಗಿದವು. ರಾಡಾರ್ ಮಾಡಲೆಂದೇ ಆಸ್ಟ್ರೇಲಿಯಾ ಸರ್ಕಾರ 1939ರಲ್ಲಿ ರೇಡಿಯೋಫಿಸಿಕ್ಸ್ ಎಂಬ ಪ್ರಯೋಗಾಲಯವನ್ನು ಗುಟ್ಟಾಗಿ ಶುರುಮಾಡಿತ್ತು. ಯುದ್ಧ ಮುಗಿದಾಗ ಅಲ್ಲಿದ್ದ ನುರಿತ ಜನರ ಕೈಗೆ ಏನು ಕೆಲಸ ಕೊಡುವುದು ಎಂಬ ಪ್ರಶ್ನೆ ಬಂತು. ಖಾಲಿ ಬಿದ್ದ ರಾಡಾರ್ ಠಾಣೆಗಳೇ ಉತ್ತರ ಕೊಟ್ಟವು.

ಯುದ್ಧಕಾಲದಲ್ಲೇ ರಾಡಾರ್‌ನವರಿಗೆ ಒಂದು ವಿಷಯ ತಿಳಿದಿತ್ತು. ಸೂರ್ಯ ಎದುರಿಗಿದ್ದಾಗ ಕೆಲವೊಮ್ಮೆ ಯಂತ್ರದಲ್ಲಿ ಗದ್ದಲ ಜಾಸ್ತಿಯಾಗುತ್ತಿತ್ತು. ಬ್ರಿಟನ್ನಿನಲ್ಲಿ 1942ರಲ್ಲೇ ಜೇಮ್ಸ್ ಹೇ ಇದನ್ನು ಹಿಡಿದಿದ್ದರು. ಡಾರ್ವಿನ್ ಬಳಿ ವಾಯುಪಡೆಯ ರಾಡಾರ್ ನಡೆಸುತ್ತಿದ್ದ ಬ್ರೂಸ್ ಸ್ಲೀ ಎಂಬ ಯುವಕ ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡು, ಪ್ರಯೋಗಾಲಯಕ್ಕೆ ಕಾಗದ ಬರೆದ. ಮುಂದೆ ಅಲ್ಲೇ ಕೆಲಸಕ್ಕೆ ಸೇರಿದ.

1946ರ ಆರಂಭದಲ್ಲಿ ಅದೇ ಪ್ರಯೋಗಾಲಯದ ತಂಡದ ಹಿರಿಯ ಜೋಸೆಫ್ ಪಾಸಿ, ಜೊತೆಗೆ ರೂಬಿ ಪೇನ್-ಸ್ಕಾಟ್ ಮತ್ತು ಲಿಂಡ್ಸೆ ಮೆಕ್ರೆಡಿ ಡೋವರ್ ಹೈಟ್ಸ್‌ನ ಆಂಟೆನಾವನ್ನು ಬೆಳಗಿನ ಸೂರ್ಯನ ಕಡೆ ತಿರುಗಿಸಿದರು. ಇಲ್ಲಿನ ಉಪಾಯ ನನಗೆ ಎಷ್ಟು ಓದಿದರೂ ಸಾಕೆನಿಸುವುದಿಲ್ಲ. ಸಮುದ್ರದಿಂದ ಮೇಲೇಳುವ ಸೂರ್ಯನ ರೇಡಿಯೋ ಅಲೆ ಎರಡು ದಾರಿಯಲ್ಲಿ ಆಂಟೆನಾ ಮುಟ್ಟುತ್ತದೆ. ಒಂದು ನೇರ, ಇನ್ನೊಂದು ನೀರಿಗೆ ಬಡಿದು. ಎರಡೂ ಕೂಡಿದಾಗ ಒಮ್ಮೆ ಬಲ ಏರುತ್ತದೆ, ಒಮ್ಮೆ ಇಳಿಯುತ್ತದೆ. ಸೂರ್ಯ ಮೇಲೇರಿದಂತೆ ಕಾಗದದ ಮೇಲೆ ಏರಿಳಿತದ ಗೆರೆ ಮೂಡುತ್ತದೆ. ಆ ಏರಿಳಿತ ಎಷ್ಟು ಆಳವಾಗಿದೆ ಎಂದು ಅಳೆದರೆ ಅಲೆ ಬರುತ್ತಿರುವ ಜಾಗ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಹಾಗೆ ಅಳೆದು, ಗದ್ದಲ ಬರುತ್ತಿರುವುದು ಇಡೀ ಸೂರ್ಯನಿಂದಲ್ಲ, ಸೂರ್ಯನ ಕಲೆಗಳ ಗುಂಪಿನಿಂದ ಎಂದು ತೋರಿಸಿದರು. ಶತ್ರು ವಿಮಾನ ಕಾಯಲು ಆರಿಸಿದ ಎತ್ತರ, ಕಾವಲಿಗೆಂದು ಎದುರಿಗಿದ್ದ ಸಮುದ್ರ, ಎರಡೂ ಸೇರಿ ಅಳತೆಗೋಲಾದವು.

ರೂಬಿ ಪೇನ್-ಸ್ಕಾಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂದಿನ ಆಸ್ಟ್ರೇಲಿಯಾದಲ್ಲಿ ಮದುವೆಯಾದ ಹೆಣ್ಣಿಗೆ ಸರ್ಕಾರಿ ಕಾಯಂ ನೌಕರಿ ಇರುತ್ತಿರಲಿಲ್ಲ. ರೂಬಿ 1944ರಲ್ಲಿ ಮದುವೆಯಾಗಿ ವಿಷಯ ಮುಚ್ಚಿಟ್ಟರು. 1950ರಲ್ಲಿ ಗೊತ್ತಾಗಿ ಕಾಯಂ ಸ್ಥಾನ ಹೋಯಿತು. ಮರುವರ್ಷ ಬಸುರಿಯಾದಾಗ ಕೆಲಸವನ್ನೇ ಬಿಟ್ಟರು. ಆ ನಿಯಮ ಹೋದದ್ದು 1966ರಲ್ಲಿ. ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾದ ಹೆಸರು ಇದು.

ಆಮೇಲೆ ಬಂದವರು ಜಾನ್ ಬೋಲ್ಟನ್. ಬ್ರಿಟಿಷ್ ನೌಕಾಪಡೆಯಲ್ಲಿ ರಾಡಾರ್ ಕೆಲಸ ಮಾಡಿದವರು. ಬೋಲ್ಟನ್ ಮತ್ತು ಸ್ಲೀಯನ್ನು ಸೂರ್ಯನನ್ನು ನೋಡಲು ಕಳಿಸಿದರೆ, ಅವರು ಬೇರೆ ನಕ್ಷತ್ರಗಳ ಕಡೆ ಆಂಟೆನಾ ತಿರುಗಿಸಿದ್ದರು. ಪಾಸಿ ಹೇಳದೆ ಕೇಳದೆ ಬಂದು ನೋಡಿ ಇಬ್ಬರನ್ನೂ ವಾಪಸ್ ಕರೆಸಿಕೊಂಡರು. ಬೋಲ್ಟನ್ ಮತ್ತೆ ಅಲ್ಲಿಗೇ ಹೋದರು. 1949ರಲ್ಲಿ ಬೋಲ್ಟನ್, ಗಾರ್ಡನ್ ಸ್ಟ್ಯಾನ್ಲಿ, ಸ್ಲೀ ಮೂವರೂ ಸೇರಿ, ವೃಷಭ ರಾಶಿಯಿಂದ ಬರುವ ರೇಡಿಯೋ ಅಲೆಯ ಮೂಲ ಏಡಿ ನೀಹಾರಿಕೆ ಎಂದು ಗುರುತಿಸಿದರು. ಅದು 1054ರಲ್ಲಿ ಚೀನಾದವರು ಕಂಡು ಬರೆದಿಟ್ಟ ನಕ್ಷತ್ರ ಸ್ಫೋಟದ ಉಳಿಕೆ.

1951ರ ಕಥೆ ಇನ್ನೂ ಚೆಂದ. ಇವರಿಗೆ ದೊಡ್ಡ ಬೋಗುಣಿಯಂಥ ಆಂಟೆನಾ ಬೇಕಿತ್ತು. ಕೇಳಿದರೆ ಸಿಗುತ್ತದೆಂಬ ನಂಬಿಕೆ ಇರಲಿಲ್ಲ. ಊಟದ ಬಿಡುವಿನಲ್ಲಿ ಗುದ್ದಲಿ ಹಿಡಿದು, ಮೇಲಿನವರಿಗೆ ಗೊತ್ತಾಗದಂತೆ, ದಂಡೆಯ ಮರಳನ್ನು ಅಗೆದರು. ತಿಂಗಳುಗಟ್ಟಲೆ ಅಗೆದು 22 ಮೀಟರ್ ಅಗಲದ ಬಟ್ಟಲು ಮಾಡಿದರು. ಅಲೆ ತಿರುಗಿ ಬರಲು ಲೋಹದ ಮೈ ಬೇಕಲ್ಲ, ಅದಕ್ಕೆ ಸಾಮಾನಿನ ಪೆಟ್ಟಿಗೆಗೆ ಬಿಗಿದು ಬರುವ ಲೋಹದ ಪಟ್ಟಿಗಳನ್ನು ಹಾಸಿದರು. ಈ ಬಟ್ಟಲನ್ನು ತಿರುಗಿಸಲು ಆಗುವುದಿಲ್ಲ. ಭೂಮಿಯೇ ತಿರುಗುತ್ತದೆ, ಅಲೆ ಹಿಡಿಯಲು ನಡುವೆ ನಿಲ್ಲಿಸಿದ ಕಂಬವನ್ನು ಸ್ವಲ್ಪ ಆಚೀಚೆ ವಾಲಿಸಿದರೆ ಆಯಿತು. ನಮ್ಮ ಕ್ಷೀರಪಥದ ನಡುಭಾಗ ಸಿಡ್ನಿಯಲ್ಲಿ ಹೆಚ್ಚು ಕಡಿಮೆ ನೆತ್ತಿಯ ಮೇಲೇ ಹಾದುಹೋಗುತ್ತದೆ. ಧನು ರಾಶಿಯ ಆ ದಿಕ್ಕಿನಿಂದ ಬರುವ ಬಲವಾದ ರೇಡಿಯೋ ಅಲೆಯ ನಕ್ಷೆಯನ್ನು ಈ ಗುಂಡಿಯಿಂದಲೇ ತೆಗೆದರು. ಆಗ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದವರು ಎಡ್ವರ್ಡ್ ಬೋವೆನ್. 1935ರಲ್ಲಿ ಇಂಗ್ಲೆಂಡಿನಲ್ಲಿ ರಾಡಾರ್ ಹುಟ್ಟಿಸಿದ ಮೊದಲ ತಂಡದಲ್ಲಿದ್ದವರು ಅವರು.

ಡೋವರ್ ಹೈಟ್ಸ್ 1954ರಲ್ಲಿ ಮುಚ್ಚಿತು. ಗುಂಡಿ ತುಂಬಿಸಿದರು. ಈಗ ಅಲ್ಲಿ ಆಟದ ಮೈದಾನ. ಆದರೆ 2003ರಲ್ಲಿ ಅದೇ ಜಾಗದಲ್ಲಿ ಹಳೆಯ ಆಂಟೆನಾದ ಮಾದರಿಯೊಂದನ್ನು ನಿಲ್ಲಿಸಿ, ಇಲ್ಲಿ ಏನು ನಡೆಯಿತು ಎಂದು ಬರೆದಿಟ್ಟರು. ಇಂಗ್ಲೆಂಡಿನ ಬಾಡ್ಸಿಯ ಹಳೆಯ ರಾಡಾರ್ ಠಾಣೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 360 ಅಡಿ ಎತ್ತರದ ಗೋಪುರಗಳು ಉಳಿಯಲಿಲ್ಲ, ಕೊನೆಯದನ್ನು 2000ದಲ್ಲಿ ಕೆಡವಿದರು. ಯಂತ್ರವಿದ್ದ ಕಟ್ಟಡ ಮಾತ್ರ ಈಗ ವಸ್ತುಸಂಗ್ರಹಾಲಯ.

ಈಗ ಕಲ್ಯಾಣಕ್ಕೆ ಬರೋಣ. 1953ರಲ್ಲಿ ಗೋವಿಂದ ಸ್ವರೂಪ್ ಎಂಬ ಯುವಕ ಭಾರತದಿಂದ ಸಿಡ್ನಿಗೆ ಹೋಗಿ ಪಾಸಿಯವರ ತಂಡ ಸೇರಿದರು. ಅದೇ ತಂಡದ ಇನ್ನೊಂದು ಕೇಂದ್ರವಾದ ಪಾಟ್ಸ್ ಹಿಲ್‌ನಲ್ಲಿ, ನೀರಿನ ಜಲಾಶಯದ ದಡದ ಮೇಲೆ, 6 ಅಡಿ ಅಗಲದ 32 ಆಂಟೆನಾ ತಟ್ಟೆಗಳು ಸಾಲಾಗಿ ನಿಂತು ಸೂರ್ಯನನ್ನು ನೋಡುತ್ತಿದ್ದವು. ಅವುಗಳ ಕೆಲಸ ಮುಗಿಯುತ್ತ ಬಂದಿತ್ತು. ಎಸೆಯುವ ಬದಲು ನಮಗೆ ಕೊಡಿ ಎಂದು ಸ್ವರೂಪ್ ಕೇಳಿದರು. ಪಾಸಿ ಒಪ್ಪಿದರು. ಹಡಗಿನ ಖರ್ಚಿನ ವಿಚಾರದಲ್ಲಿ ತಡವಾಯಿತು, ಸ್ವರೂಪ್ ಅಮೆರಿಕಕ್ಕೆ ಹೋದರು, ತಟ್ಟೆಗಳು ದೆಹಲಿಯಲ್ಲಿ ಕಾದವು. 1963ರಲ್ಲಿ ಹೋಮಿ ಭಾಭಾ ಕರೆದರೆಂದು ಸ್ವರೂಪ್ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ (ಟಿಐಎಫ್‌ಆರ್) ಬಂದರು. 1965ರಲ್ಲಿ ಆ 32 ತಟ್ಟೆಗಳೂ ಕಲ್ಯಾಣದಲ್ಲಿ ಎದ್ದು ನಿಂತವು. ಪೂರ್ವ ಪಶ್ಚಿಮವಾಗಿ 630 ಮೀಟರ್ ಉದ್ದಕ್ಕೆ 24, ಉತ್ತರ ದಕ್ಷಿಣವಾಗಿ 256 ಮೀಟರಿಗೆ 8. ಅಲ್ಲಿ ಸೂರ್ಯನನ್ನು ನೋಡುತ್ತ ಕೈ ಪಳಗಿಸಿಕೊಂಡ ಹುಡುಗರೇ 1970ರಲ್ಲಿ ಊಟಿಯ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ ಕಟ್ಟಿದರು. ಮುಂದೆ ಪುಣೆ ಹತ್ತಿರದ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ತಟ್ಟೆಗಳ ಜಿಎಂಆರ್‌ಟಿ ಎಂಬ ದೈತ್ಯ ರೇಡಿಯೋ ದೂರದರ್ಶಕ ಎದ್ದಿತು. ಸ್ವರೂಪ್ 2020ರಲ್ಲಿ ಪುಣೆಯಲ್ಲೇ ತೀರಿಕೊಂಡರು.

ಕಲ್ಯಾಣ, ಡೊಂಬಿವಲಿಯಲ್ಲಿ ನಾನು ಕೇಳಿದ ಹಿರಿಯರಲ್ಲಿ ಒಬ್ಬರಿಗೂ ಈ ತಟ್ಟೆಗಳ ನೆನಪಿಲ್ಲ. ಖಾಡಿಯ (ಸಮುದ್ರದ ಹಿನ್ನೀರಿನ) ಪಕ್ಕದ ದುರ್ಗಾಡಿ ಕೋಟೆ ಎಂದರೆ ಮಾತ್ರ ಎಲ್ಲರ ಮುಖ ಅರಳುತ್ತದೆ. ಇದು ನನಗೆ ನಿಜಕ್ಕೂ ನೋವು ತರುತ್ತದೆ. ರೇಡಿಯೋ ಅಲೆಯಿಂದ ಆಕಾಶ ಓದುವ ದೇಶದ ಒಂದು ದೊಡ್ಡ ವಿದ್ಯೆ ನಮ್ಮ ಲೋಕಲ್ ರೈಲಿನ ಹಳಿಯ ಊರಿನಲ್ಲಿ ಅಂಬೆಗಾಲಿಟ್ಟಿದೆ. ದೀಪಾವಳಿಗೆ ರಾಯಗಡ ಕಟ್ಟುವ ಮಕ್ಕಳಿಗೆ ಅದು ಗೊತ್ತಿಲ್ಲ.

ಮುಂಬೈನಲ್ಲಿ ಜಾಗ ಉಳಿಸಿಕೊಳ್ಳುವುದು ಕಷ್ಟ ಎನ್ನುವವರು ಇದ್ದಾರೆ. ಒಪ್ಪುತ್ತೇನೆ. ಸಿಡ್ನಿಯವರೂ ಕಟ್ಟಡ ಉಳಿಸಲಿಲ್ಲ, ಗುಂಡಿಯನ್ನೂ ಉಳಿಸಲಿಲ್ಲ. ಇಲ್ಲಿಯೇ ನಮ್ಮ ಕನ್ನಡದ ರೀತಿ ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಅನಿಸಿಕೆ. ನಮ್ಮ ಹಳ್ಳಿಗಳಲ್ಲಿ ಕೋಟೆ ಇರಲಿ ಬಿಡಲಿ, ವೀರಗಲ್ಲು ಇರುತ್ತದೆ. ಒಂದೇ ಕಲ್ಲು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ಯಾರು, ಯಾವ ಊರಿಗಾಗಿ, ಯಾರ ದನ ಬಿಡಿಸಲು ಹೋಗಿ ಸತ್ತ ಎಂದು ನಾಲ್ಕು ಸಾಲು. ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 900ರ ಕಾಲದ್ದು. ಅದರಲ್ಲಿ ಬೆಂಗಳೂರು ಕಾಳಗದ ಮಾತು ಬರುತ್ತದೆ. ಆ ಕಾಳಗದ ಬಯಲು ಎಲ್ಲಿತ್ತೋ, ಅಲ್ಲಿ ಈಗ ಏನೇನಿದೆಯೋ. ಕಲ್ಲು ಹೆಸರನ್ನು ಹಿಡಿದಿಟ್ಟಿತು, ಅಷ್ಟೇ ಸಾಕಾಯಿತು.

ಆದರೆ ಆ ಹಳೆಯ ರೀತಿಯನ್ನು ನಾವೇ ಬಿಟ್ಟಿದ್ದೇವೆ. ರಾಡಾರ್ ವಿಷಯದಲ್ಲಿ ಬೆಂಗಳೂರಿಗಿಂತ ಹೆಚ್ಚು ಹೇಳುವ ಹಕ್ಕಿರುವ ಊರು ದೇಶದಲ್ಲಿ ಯಾವುದಿದೆ? 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಜಾಲಹಳ್ಳಿಯಲ್ಲಿದೆ. ರಾಡಾರ್ ರೂಪಿಸುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ ಎಲ್‌ಆರ್‌ಡಿಇ ಬೆಂಗಳೂರಿನಲ್ಲಿದೆ. ಟಿಐಎಫ್‌ಆರ್ ಕೂಡ 1945ರಲ್ಲಿ ಹುಟ್ಟಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ, ಆಮೇಲೆ ಮುಂಬೈಗೆ ಬಂತು. ಗೌರಿಬಿದನೂರಿನ ಬಯಲಿನಲ್ಲಿ 1000 ಪುಟ್ಟ ಆಂಟೆನಾಗಳ ರೇಡಿಯೋ ದೂರದರ್ಶಕ ಎದ್ದದ್ದು 1970ರ ದಶಕದಲ್ಲಿ. ಇವುಗಳಲ್ಲಿ ದುಡಿದು ನಿವೃತ್ತರಾದವರು ಮಲ್ಲೇಶ್ವರ, ವಿದ್ಯಾರಣ್ಯಪುರದ ಮನೆಗಳಲ್ಲಿದ್ದಾರೆ. ಗುಟ್ಟಿನ ವಿಷಯ ಗುಟ್ಟಾಗಿಯೇ ಇರಲಿ. ಸೇವೆಯಿಂದ ಎಂದೋ ತೆಗೆದ ಯಂತ್ರಗಳ ಬಗ್ಗೆ ಹೇಳಬಹುದಾದ್ದು ಬೇಕಾದಷ್ಟಿದೆ. ಅದನ್ನು ಕನ್ನಡದಲ್ಲಿ ಕೂತು ಕೇಳಿ ಬರೆದುಕೊಳ್ಳುವವರು ಬೇಕು.

ಕಲ್ಯಾಣದಲ್ಲೂ ಅಂಥದೊಂದು ಕಲ್ಲು ನಿಲ್ಲಲಿ. ಮರಾಠಿಯಲ್ಲೂ ಕನ್ನಡದಲ್ಲೂ ಬರೆಯಲಿ: 32 ತಟ್ಟೆ, ಸಿಡ್ನಿಯಿಂದ ಬಂದದ್ದು, 1965ರಲ್ಲಿ ನಿಲ್ಲಿಸಿದ್ದು, ಕೆಲಸ ಮಾಡಿದವರ ಹೆಸರು. ಕೋಟೆ ಸ್ವಚ್ಛ ಮಾಡುವ ಮರಾಠಿ ಗೆಳೆಯರ ಮುಂದೆ ಈ ಮಾತು ಇಟ್ಟಿದ್ದೇನೆ, ಅವರಿಗೆ ಆಸೆ ಹುಟ್ಟಿದೆ. ನಮ್ಮ ಕನ್ನಡ ಸಂಘಗಳೂ ಕೈಜೋಡಿಸಬೇಕು. ಪ್ರತಿ ವರ್ಷ ಫೆಬ್ರವರಿ 28ರ ವಿಜ್ಞಾನ ದಿನದಂದು ಖೋಡದ್‌ನಲ್ಲಿ ಜನರಿಗೆ ಪ್ರವೇಶ ಇರುತ್ತದೆ, ಮಕ್ಕಳನ್ನು ಒಂದು ಬಸ್ಸಿನಲ್ಲಿ ಕರೆದೊಯ್ಯಬಹುದು. ಅದಕ್ಕೂ ಮುಂಚೆ ಆಗಬೇಕಾದ ಕೆಲಸ ಒಂದಿದೆ. 1965ರಿಂದ 1968ರ ನಡುವೆ ಕಲ್ಯಾಣದ ಆ ಕೇಂದ್ರದಲ್ಲಿ ದುಡಿದವರು, ವೆಲ್ಡಿಂಗ್ ಮಾಡಿದವರು, ಕಾವಲಿದ್ದವರು ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇದ್ದರೆ, ದಯವಿಟ್ಟು ಅವರ ಹತ್ತಿರ ಕೂತು ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಹಳೆಯ ಫೋಟೋ ಇದ್ದರೆ ಹಿಂಬದಿಯಲ್ಲಿ ಯಾರು ಯಾರೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಸಿ.