ನುಡಿ ಎಲ್ಲರಿಗೂ ಬೇಕೆ?
ಹೊಸ ಕಂಪ್ಯೂಟರಿಗೆ ಮೊದಲು ಹಾಕಿಕೊಳ್ಳಬೇಕಾದದ್ದು ಕನ್ನಡದಲ್ಲಿ ಬರೆಯುವ ತಂತ್ರಾಂಶವಾದ ‘ನುಡಿ’ ಎಂದು ಲೇಖನವೊಂದು ಸಲಹೆ ಕೊಟ್ಟಿದೆ. ಆ ಸಲಹೆ ಈಗ ತೀರ ಹಳೆಯದು. 2019ರ ಪರಿಷ್ಕರಣೆಯಿಂದ ವಿಂಡೋಸ್ 10ರಲ್ಲೇ ಕನ್ನಡದ ಫೋನೆಟಿಕ್ ಕೀಲಿಮಣೆ (ಉಚ್ಚಾರಕ್ಕೆ ತಕ್ಕ ಇಂಗ್ಲಿಷ್ ಅಕ್ಷರ ಒತ್ತಿ ಬರೆಯುವಂಥದು) ಇದೆ. ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡವನ್ನು ಸೇರಿಸಿ, ಅದರ ಕೀಲಿಮಣೆಗಳಲ್ಲಿ ಫೋನೆಟಿಕ್ ಆರಿಸಿಕೊಂಡರೆ ಆಯಿತು. ಇಮೇಲಿಗೂ ವರ್ಡ್ ಕಡತಕ್ಕೂ ಅಷ್ಟು ಧಾರಾಳವಾಗಿ ಸಾಕು. ನುಡಿ ಬೇಕಾಗುವುದು ಬೇರೆ ಕಾರಣಕ್ಕೆ, ಅದನ್ನೇ ಲೇಖನ ಬಿಟ್ಟಿದೆ: ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ಕಡತಗಳು. ನುಡಿಯ ಫಾಂಟ್ ಇಲ್ಲದ ಯಂತ್ರದಲ್ಲಿ ಅವನ್ನು ತೆರೆದು ನೋಡಿ, ‘ಕನ್ನಡ’ದ ನಡುವೆ ಪೌಂಡ್ ಚಿಹ್ನೆ ಬಂದು ಕೂತಿರುತ್ತದೆ! ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶವನ್ನು ಬಿಡದ ಮುದ್ರಣಾಲಯದವರು ಇಂದಿಗೂ ಇಂಥ ಕಡತವನ್ನೇ ಕೇಳುತ್ತಾರೆ. ಅವರೊಡನೆ ವ್ಯವಹಾರ ಇರುವವರು ಹಾಕಿಕೊಳ್ಳಲಿ. ಆದರೆ ನುಡಿಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ಇಳಿಸಿಕೊಳ್ಳಲಿ, ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಪ್ರತಿ ಮಾತ್ರ ಬೇಡ.