ಸಾಹೇಬರು ಇನ್ನೂ ಮನೆಗೆ ಹೋಗಿಲ್ಲ, ಅರಮನೆಗೆ ಅಪಾಯ!

ಅರಮನೆಗೆ ಕುತ್ತು ಬರುವುದು ಬೆಂಕಿಯಿಂದ, ಭೂಕಂಪದಿಂದ, ಕಳ್ಳರಿಂದ ಎಂದು ನಂಬಿದವರು ಇಟಲಿಯ ಕಸೆರ್ಟಾ ಅರಮನೆಯ ಕಥೆ ಕೇಳಬೇಕು. ಅದೀಗ ಮ್ಯೂಸಿಯಂ. ಅಲ್ಲಿ ಕುತ್ತು ಬಂದದ್ದು, ಹೊತ್ತು ಮುಳುಗಿದರೂ ಕಚೇರಿ ಬಿಟ್ಟು ಏಳದ ಮ್ಯೂಸಿಯಂ ನಿರ್ದೇಶಕರಿಂದ! 2015ರಲ್ಲಿ ಆ ಕುರ್ಚಿಗೆ ಬಂದ ಮೌರೊ ಫೆಲಿಕೋರಿಯವರ ಮೇಲೆ 2016ರ ಮಾರ್ಚ್‌ನಲ್ಲಿ ಸಿಬ್ಬಂದಿ ಸಂಘಗಳು ದೂರು ಬರೆದವು. ದೂರಿನ ಸಾರ ಇಷ್ಟು: ಸಾಹೇಬರು ಹೊತ್ತು ಮೀರಿ ಒಳಗೇ ಇರುತ್ತಾರೆ, ಅದಕ್ಕೆ ತಕ್ಕ ಸಿಬ್ಬಂದಿ ವ್ಯವಸ್ಥೆ ಆಗಿಲ್ಲ, ಆದ್ದರಿಂದ ಇಡೀ ಕಟ್ಟಡಕ್ಕೇ ಅಪಾಯ. ಕೊನೆಗೆ ಆಗಿನ ಪ್ರಧಾನಿ ಮಟ್ಟೆಯೊ ರೆಂಜಿಯೇ ಸಾಹೇಬರ ಪರ ಮಾತಾಡಬೇಕಾಯಿತು. ಕೆಲಸ ಕೊಡಿಸಲು ಶಿಫಾರಸು ನೋಡಿದ್ದೇವೆ; ಕೆಲಸ ಮಾಡಲು ಬಿಡಿ ಎಂಬ ಶಿಫಾರಸು ಅಪರೂಪ.

ಸಂಘದವರ ಮಾತಲ್ಲೂ ನ್ಯಾಯವಿದೆ ಅನ್ನಿ. ಮನೆತನದ ಪದ್ಧತಿ ನೋಡಿ: ನೇಪಲ್ಸ್ ಆಳಿದ ಬೂರ್ಬನ್ ದೊರೆ ಚಾರ್ಲ್ಸ್ ವಾಸ್ತುಶಿಲ್ಪಿ ವಾನ್ವಿಟೆಲ್ಲಿಯಿಂದ 1200 ಕೋಣೆ, 1742 ಕಿಟಕಿಗಳ ನಕ್ಷೆ ಬರೆಸಿ, 1752ರಲ್ಲಿ ಅಡಿಗಲ್ಲು ಹಾಕಿಸಿ, 1759ರಲ್ಲಿ ಸ್ಪೇನಿನ ಪಟ್ಟವೇರಲು ಹೊರಟೇಹೋದ. ಒಂದು ರಾತ್ರಿಯೂ ಅಲ್ಲಿ ಮಲಗಲಿಲ್ಲ. ಕಟ್ಟಿಸಿದ ಯಜಮಾನನೇ ತಂಗದ ಮನೆಯಲ್ಲಿ ಸಂಬಳದವನು ಕತ್ತಲಾಗುವವರೆಗೆ ಕೂತರೆ ಹೇಗೆ?

ನೋಡಲು ಹೋಗುವವರಿಗೂ ಬೇಗ ಜಾಗ ಖಾಲಿ ಮಾಡುವ ಈ ಶಿಸ್ತು ತಪ್ಪಿದ್ದಲ್ಲ. ನೇಪಲ್ಸ್‌ನಿಂದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ ಅರಮನೆ. ಮಂಗಳವಾರ ಹೋದರೆ ಎದುರಿಗೇ ಬೀಗ, ಅಂದು ವಾರದ ರಜೆ. ಬೇರೆ ದಿನ ಹೋದವರೂ ಕೆಡುವುದು ಮೆಟ್ಟಿಲ ಬುಡದಲ್ಲೇ. ಸಿಂಹಗಳು ಕಾಯುವ ಆ 116 ಮೆಟ್ಟಿಲು ಕಂಡಕೂಡಲೇ ಹತ್ತಿಬಿಡುತ್ತಾರೆ, ಕೋಣೆಕೋಣೆಗೂ ಕತ್ತೆತ್ತಿ ಚಾವಣಿ ನೋಡುತ್ತಾರೆ. ಕೆಳಗಿಳಿದು ತೋಟಕ್ಕೆ ಬರುವಷ್ಟರಲ್ಲಿ ಕಾವಲುಗಾರ ಗಡಿಯಾರ ತೋರಿಸುತ್ತಾನೆ. ತೋಟದ ಬಾಗಿಲು ಹಾಕುವುದು ಸೂರ್ಯನ ಲೆಕ್ಕದಲ್ಲಿ. ಚಳಿಗಾಲದಲ್ಲಿ ಕೋಣೆಗಳಿಗಿಂತ ಬಹಳ ಮುಂಚೆ. ಅದರೊಳಗಿನ ಇಂಗ್ಲಿಷ್ ತೋಟ ಇನ್ನೂ ಮುಂಚೆ.

ಆದ್ದರಿಂದ ಚಳಿಗಾಲದಲ್ಲಿ ತೋಟ ಮೊದಲು, ಮೆಟ್ಟಿಲು ಆಮೇಲೆ. ತುದಿಯ ಜಲಪಾತ ಸುಮಾರು 3 ಕಿಲೋಮೀಟರ್ ದೂರ, ದಾರಿ ಏರು. ಹೋಗುವಾಗ ಒಳಗಿನ ಬಸ್ಸು ಹತ್ತಿ, ಬರುವಾಗ ನೀರು ಹರಿಯುವ ದಿಕ್ಕಿನಲ್ಲೇ ಇಳಿಯಿರಿ. ಬೇಸಿಗೆಯಾದರೆ ಟೋಪಿ ಬೇಕೇ ಬೇಕು. ನಡುದಾರಿಯಲ್ಲಿ ನೆರಳು ಕಮ್ಮಿ.

ಜಲಪಾತದ ಬುಡದಲ್ಲಿ ಪುರಾಣದ ಬೇಟೆದೇವತೆ ಡಯಾನಾ ಮತ್ತು ಅವಳು ಮೀಯುವುದನ್ನು ಕಂಡ ಆಕ್ಟಿಯಾನ್‌ನ ಶಿಲ್ಪಗಳಿವೆ. ನೋಡಬಾರದ್ದನ್ನು ನೋಡಿದ ತಪ್ಪಿಗೆ ಜಿಂಕೆಯಾಗುತ್ತಿರುವ ಬೇಟೆಗಾರನ ಮೇಲೆ ಅವನದೇ ನಾಯಿಗಳು ಎರಗಿವೆ. ಹೊಸ ನಿರ್ದೇಶಕರಿಗೆ ಕೆಲಸಕ್ಕೆ ಸೇರಿದ ದಿನವೇ ಇದನ್ನು ತೋರಿಸುವುದು ವಾಸಿ.

ಚಾರ್ಲ್ಸ್‌ನ ಸೊಸೆ ರಾಣಿ ಮರಿಯಾ ಕರೋಲಿನಾಳ ಸ್ನಾನದ ಮನೆಯನ್ನು ಮರೆಯಬೇಡಿ. ಅಲ್ಲಿದ್ದ ‘ಬಿಡೆ’ಯನ್ನು, ಅಂದರೆ ಕೂತು ತೊಳೆದುಕೊಳ್ಳುವ ತೊಟ್ಟಿಯನ್ನು, ಕಂಡ ಸವೊಯ್ ರಾಜ್ಯದ (ಬೂರ್ಬನ್ನರ ನಂತರ ಅರಮನೆ ಇವರ ಕೈಸೇರಿತ್ತು) ಗುಮಾಸ್ತರು ಸಾಮಾನಿನ ಪಟ್ಟಿಯಲ್ಲಿ ‘ಗಿಟಾರಿನಂಥ ವಸ್ತು, ಉಪಯೋಗ ತಿಳಿಯದು’ ಎಂದು ಬರೆದರಂತೆ. ದಂತಕಥೆಯೇ ಇರಬಹುದು. ನಿಜವಾಗಿದ್ದರೆ, ಆ ಗುಮಾಸ್ತರು ಅಂದು ಸರಿಯಾದ ಹೊತ್ತಿಗೆ ಮನೆ ಸೇರಿರುತ್ತಾರೆ.